ಚುಕ್ಕೆ ಇಲ್ಲದ ಪ್ರಶ್ನೆ: ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ನೋಡಿದಾಗ



ಶಾಸನಸಭೆಯ ಕೆಲಸ ಎಂದೊಡನೆ ನಮ್ಮ ನೆನಪಿಗೆ ಬರುವುದು ಗದ್ದಲ, ಧರಣಿ, ಸಭಾತ್ಯಾಗ, ಇಲ್ಲವೆ ಬಜೆಟ್ ದಿನದ ಭಾಷಣ. ಪತ್ರಿಕೆಗಳ ಮುಖಪುಟಕ್ಕೆ ಬರುವುದೂ ಇವೇ. ಇವತ್ತು ನಾನು ತಮ್ಮ ಮುಂದಿಡುವ ವಿಷಯಕ್ಕೆ ಅಂಥ ಸದ್ದಿಲ್ಲ. ಸದನದಲ್ಲಿ ಯಾರೂ ಎದ್ದು ನಿಂತು ಓದದ, ಸಚಿವರು ಬಾಯಿಬಿಟ್ಟು ಉತ್ತರಿಸದ, ಕಾಗದದಲ್ಲಿ ಬಂದು ಕಾಗದದಲ್ಲೇ ಉತ್ತರ ಪಡೆಯುವ ಚುಕ್ಕೆ ಗುರುತಿಲ್ಲದ ಪ್ರಶ್ನೆಯ ಬಗ್ಗೆ ಮಾತನಾಡುತ್ತೇನೆ. ರಾಜಧಾನಿಯಿಂದ ಸುಮಾರು 500 ಕಿಲೋಮೀಟರ್ ದೂರದ ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ತಾಲೂಕುಗಳ ಪಾಲಿಗೆ, ಶಾಸಕರ ಕೈಯಲ್ಲಿರುವ ಸಾಧನಗಳಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂಬುದು ನನ್ನ ವಾದ. ಆದರೆ ಪ್ರಶ್ನೆ ಕೇಳಿದ ಮಾತ್ರಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೇಗೆ ಕೇಳಿದರು, ಬಂದ ಉತ್ತರವನ್ನು ಮುಂದೆ ಏನು ಮಾಡಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ತತ್ತ್ವದ ಮಾತು. ನಮ್ಮ ಸಂವಿಧಾನದ 75(3)ನೇ ವಿಧಿ ಕೇಂದ್ರ ಮಂತ್ರಿಮಂಡಲವನ್ನು ಲೋಕಸಭೆಗೆ ಹೊಣೆಯಾಗಿಸಿದೆ. 164(2)ನೇ ವಿಧಿ ರಾಜ್ಯ ಮಂತ್ರಿಮಂಡಲವನ್ನು ವಿಧಾನಸಭೆಗೆ ಹೊಣೆಯಾಗಿಸಿದೆ. ಇಲಾಖೆಯ ಕೆಲಸ ಮಾಡುವವರು ಅಧಿಕಾರಿಗಳು, ಅದಕ್ಕೆ ಸದನದಲ್ಲಿ ಉತ್ತರ ಕೊಡಬೇಕಾದವರು ಸಚಿವರು. ಅವಿಶ್ವಾಸ ನಿರ್ಣಯ ಅಪರೂಪಕ್ಕೆ ಬರುತ್ತದೆ, ಬಜೆಟ್ ವರ್ಷಕ್ಕೊಮ್ಮೆ ಬರುತ್ತದೆ. ಈ ಹೊಣೆ ದಿನನಿತ್ಯ ಜಾರಿಯಲ್ಲಿರುವುದು ಪ್ರಶ್ನೆಗಳ ಮೂಲಕ. ಎಲ್ಲೋ ಒಂದು ಉಪವಿಭಾಗದ ಕಚೇರಿಯಲ್ಲಿ ನಿಂತುಹೋದ ಕಾಮಗಾರಿಗೆ ರಾಜ್ಯದ ಸಚಿವರೊಬ್ಬರು ತಮ್ಮ ಸಹಿ ಹಾಕಿ ವಿವರಣೆ ಕೊಡಬೇಕಾದ ಸನ್ನಿವೇಶವನ್ನು ಬೇರೆ ಯಾವ ವಿಧಾನವೂ ಇಷ್ಟು ಸುಲಭವಾಗಿ ನಿರ್ಮಿಸಲಾರದು.

ಈ ಹಕ್ಕು ನಮಗೆ ತಾನಾಗಿ ಒದಗಿದ್ದಲ್ಲ. 1861ರ ಭಾರತೀಯ ಪರಿಷತ್ತುಗಳ ಕಾಯಿದೆಯಲ್ಲಿ ಪ್ರಶ್ನೆಗೆ ಎಡೆಯೇ ಇರಲಿಲ್ಲ. 1892ರ ಕಾಯಿದೆ ಅದಕ್ಕೆ ಅವಕಾಶ ಮಾಡಿತು. ಮರುವರ್ಷ, 1893ರಲ್ಲಿ, ಗವರ್ನರ್ ಜನರಲ್ ಪರಿಷತ್ತಿನಲ್ಲಿ ಭಿಂಗಾದ ರಾಜರು ಕೇಳಿದ ಪ್ರಶ್ನೆಯೇ ಮೊದಲನೆಯದು ಎಂದು ಸಂಸದೀಯ ಇತಿಹಾಸದ ಗ್ರಂಥಗಳು ದಾಖಲಿಸುತ್ತವೆ. ಪ್ರಶ್ನೆಯ ವಿಷಯವನ್ನು ತಾವು ಗಮನಿಸಬೇಕು: ಪ್ರವಾಸ ಬರುವ ಸರ್ಕಾರಿ ಅಧಿಕಾರಿಗಳಿಗೆ ಸಾಮಾನು ಪೂರೈಸುವುದರಲ್ಲಿ ಹಳ್ಳಿಯ ಅಂಗಡಿಕಾರರು ಅನುಭವಿಸುವ ತೊಂದರೆ. ಸಾಮ್ರಾಜ್ಯದ ಅತ್ಯುನ್ನತ ಸಭೆಯಲ್ಲಿ ಪ್ರಶ್ನೆಯ ಪರಂಪರೆ ಆರಂಭವಾದದ್ದು ಹಳ್ಳಿಯ ಕಿರಾಣಿ ಅಂಗಡಿಯ ಕಷ್ಟದಿಂದ. ಉಪಪ್ರಶ್ನೆಯ ಹಕ್ಕು 1909ರ ಸುಧಾರಣೆಯಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗಷ್ಟೇ ಸಿಕ್ಕಿತು. 1919ರ ನಂತರ ಅದು ಎಲ್ಲ ಸದಸ್ಯರ ಹಕ್ಕಾಯಿತು. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಬೆಳಗಾವಿ ಸೀಮೆಯ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ನಮ್ಮ ಅಹವಾಲು 1956ರವರೆಗೆ ಮುಂಬಯಿಗೆ ಹೋಗುತ್ತಿತ್ತು, ಆಮೇಲೆ ಬೆಂಗಳೂರಿಗೆ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದು, 2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಈ ದೂರ ಸ್ವಲ್ಪ ತಗ್ಗಿದೆ.

ಪ್ರಶ್ನೆಗಳ ಬಗೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಉತ್ತರ ಬರಹದಲ್ಲಿ ಬರುತ್ತದೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿದ್ದರೆ, ಚುಕ್ಕೆ ಇಲ್ಲದವು 230. ರಾಜ್ಯಸಭೆಯಲ್ಲಿ ಈ ಸಂಖ್ಯೆ 15 ಮತ್ತು 160. ಚುಕ್ಕೆ ಗುರುತಿನ 20ರಲ್ಲಿ ಒಂದು ತಾಸಿನೊಳಗೆ ನಿಜವಾಗಿ ಚರ್ಚೆಗೆ ಬರುವವು ಕೆಲವೇ ಕೆಲವು. ಹೀಗಿರುವಾಗ ಮೂಡಲಗಿಯ ಒಂದು ರಸ್ತೆಯ ವಿಷಯ ಇಡೀ ಸದನದ ಸಮಯ ಪಡೆಯುವ ಸಂಭವ ಕಡಿಮೆ. ಅದು 230ರಲ್ಲಿ ಒಂದಾಗುವುದು ಕಷ್ಟವಲ್ಲ. ಚುಕ್ಕೆ ಇಲ್ಲದ ಪ್ರಶ್ನೆಯನ್ನು ಎರಡನೇ ದರ್ಜೆಯದೆಂದು ಸದಸ್ಯರೇ ಎಷ್ಟೋ ಸಲ ಭಾವಿಸುವುದುಂಟು. ಅದು ತಪ್ಪು ಎಣಿಕೆ. ಮಾತಿನ ಉತ್ತರದಲ್ಲಿ ಸಚಿವರು ಜಾಣತನದಿಂದ ಜಾರಿಕೊಳ್ಳಬಹುದು. ಬರಹದ ಉತ್ತರದಲ್ಲಿ ಅಂಕಿ ಇರಬೇಕು, ಕಡತದ ಸಂಖ್ಯೆ ಇರಬೇಕು, ಕೆಳಗೆ ಸಹಿ ಇರಬೇಕು.

ಅಂಥ ಒಂದು ಉತ್ತರದ ಹಾಳೆಯನ್ನು ಹತ್ತಿರದಿಂದ ನೋಡೋಣ. ಕರ್ನಾಟಕ ವಿಧಾನಸಭೆ ಎಂಬ ತಲೆಬರಹ. ಅದರ ಕೆಳಗೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ನಂತರ ಕೋಷ್ಟಕ. ಎಡಕ್ಕೆ ಅ, ಆ, ಇ ಎಂದು ಬಿಡಿಸಿದ ಪ್ರಶ್ನೆ, ಬಲಕ್ಕೆ ಉತ್ತರ. 'ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ 'ಬಂದಿದೆ' ಎಂದು ಬಲಗಡೆ ಒಂದೇ ಮಾತು. 'ಹಾಗಿದ್ದಲ್ಲಿ ಕೈಗೊಂಡ ಕ್ರಮಗಳೇನು' ಎಂದರೆ 'ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ'. 'ಗಮನಕ್ಕೆ ಬಂದಿಲ್ಲ' ಎಂದು ಮೊದಲ ಭಾಗದಲ್ಲೇ ಹೇಳಿಬಿಟ್ಟರೆ, ಉಳಿದ ಎಲ್ಲ ಭಾಗಗಳಿಗೆ 'ಉದ್ಭವಿಸುವುದಿಲ್ಲ' ಎಂಬ ಒಂದೇ ಉತ್ತರ ಸಾಲುಸಾಲಾಗಿ ಇಳಿಯುತ್ತದೆ. ಅಲ್ಲಿಗೆ ಆ ಪ್ರಶ್ನೆ ವ್ಯರ್ಥವಾಯಿತು. ಇದಕ್ಕೆ ಇಲಾಖೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಹೌದು ಅಥವಾ ಇಲ್ಲ ಎಂದರೆ ಮುಗಿಯುವಂತೆ ಕೇಳಿದವರೂ ಅದಕ್ಕೆ ಹೊಣೆ.

ಉತ್ತರ ಸಿದ್ಧವಾಗುವ ದಾರಿಯನ್ನೂ ತಿಳಿಯಬೇಕು. ಸಚಿವಾಲಯದಲ್ಲಿ ವಿಧಾನಸಭೆಯ ಪ್ರಶ್ನೆಗೆ 'ಎಲ್‌ಎಕ್ಯೂ' ಎನ್ನುತ್ತಾರೆ, ಪರಿಷತ್ತಿನದಾದರೆ 'ಎಲ್‌ಸಿಕ್ಯೂ'. ವಿಧಾನಸಭೆಯ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ ಅಥವಾ ಮುಖ್ಯ ಎಂಜಿನಿಯರರಿಗೆ, ಜಿಲ್ಲೆಗೆ, ಕೊನೆಗೆ ತಾಲೂಕಿನ ಕಚೇರಿಯ ಗುಮಾಸ್ತರ ಮೇಜಿಗೆ ಅದು ಇಳಿಯುತ್ತದೆ. ಅದೇ ಮೆಟ್ಟಿಲುಗಳನ್ನು ಹತ್ತಿ ಹಿಂತಿರುಗುತ್ತದೆ. 'ಎಲ್‌ಎಕ್ಯೂ ಬಂದಿದೆ' ಎಂದರೆ ಉಳಿದ ಕೆಲಸ ಬದಿಗೆ ಸರಿಯುತ್ತದೆ. ತಿಂಗಳುಗಟ್ಟಲೆ ಕದಲದ ಕಡತ ಹುಡುಕಿ ತೆಗೆಯಬೇಕಾಗುತ್ತದೆ, ಬಾಕಿ ಏಕೆ ಉಳಿಯಿತೆಂದು ಮೇಲಿನವರು ಕೆಳಗಿನವರನ್ನು ಕೇಳಬೇಕಾಗುತ್ತದೆ. ಉತ್ತರ ಸದನಕ್ಕೆ ಬರುವ ಮೊದಲೇ ಪ್ರಶ್ನೆ ತನ್ನ ಅರ್ಧ ಕೆಲಸ ಮಾಡಿರುತ್ತದೆ.

ಈಗ ನಮ್ಮ ಮೂರು ತಾಲೂಕುಗಳಿಗೆ ಬರುತ್ತೇನೆ. ಇಲ್ಲಿ ಯಾರು ಯಾರ ಪರವಾಗಿ ಕೇಳಬೇಕು ಎಂಬುದೇ ತೊಡಕಿನ ಸಂಗತಿ. ಗೋಕಾಕದಿಂದ ಬೇರ್ಪಟ್ಟು 2018ರಲ್ಲಿ ತಾಲೂಕಾದ ಮೂಡಲಗಿ ಅರಭಾವಿ ವಿಧಾನಸಭಾ ಕ್ಷೇತ್ರದಲ್ಲಿದೆ. ಹುಕ್ಕೇರಿ ತಾಲೂಕು ಹುಕ್ಕೇರಿ ಮತ್ತು ಯಮಕನಮರಡಿ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಗೋಕಾಕ, ಅರಭಾವಿ ಕ್ಷೇತ್ರಗಳು ಬೆಳಗಾವಿ ಲೋಕಸಭೆಗೆ ಸೇರಿದರೆ, ಹುಕ್ಕೇರಿ, ಯಮಕನಮರಡಿ ಚಿಕ್ಕೋಡಿ ಲೋಕಸಭೆಗೆ ಸೇರುತ್ತವೆ. ಒಂದೇ ಘಟಪ್ರಭೆಯ ನೀರು ಕುಡಿಯುವ ಜನ ಇಬ್ಬರು ಸಂಸದರಿಗೆ ಅಹವಾಲು ಹೇಳಬೇಕು. ರಾಜ್ಯಸಭೆಗೆ ಕ್ಷೇತ್ರದ ಗಡಿ ಇಲ್ಲ. ಮೂಡಲಗಿ ತಾಲೂಕಿನ ಕಲ್ಲೋಳಿಯ ಈರಣ್ಣ ಕಡಾಡಿಯವರು 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾದ ಮೇಲೆ, ಅವರ ಪ್ರಶ್ನೆಗಳಿಗೆ ಕೇಂದ್ರ ಸಚಿವರು ಕೊಟ್ಟ ಲಿಖಿತ ಉತ್ತರಗಳು ಈ ಭಾಗದ ಪತ್ರಿಕೆಗಳಲ್ಲಿ ಬಂದಿವೆ. ಪಕ್ಷ ಯಾವುದೇ ಇರಲಿ, ಜಿಲ್ಲೆಯ ಸದಸ್ಯರೊಬ್ಬರು ಹೀಗೆ ಕೇಳಿ ಪಡೆದ ಉತ್ತರ ಎಲ್ಲರ ಆಸ್ತಿ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಈ ಸೀಮೆ ರಾಜ್ಯಕ್ಕೆ ಸಚಿವರನ್ನು ಕೊಡುತ್ತಲೇ ಬಂದಿದೆ. ಗೋಕಾಕದ ರಮೇಶ ಜಾರಕಿಹೊಳಿಯವರು 2020–21ರಲ್ಲಿ ಜಲಸಂಪನ್ಮೂಲ ಸಚಿವರಾಗಿದ್ದರು. ಹುಕ್ಕೇರಿಯ ಉಮೇಶ ಕತ್ತಿಯವರು 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಸಚಿವರೇ ಆಗಿದ್ದರು. ಯಮಕನಮರಡಿಯ ಸತೀಶ ಜಾರಕಿಹೊಳಿಯವರು 2023ರಲ್ಲಿ ಲೋಕೋಪಯೋಗಿ ಸಚಿವರಾದರು. ನಮ್ಮ ಶಾಸಕರು ಸಚಿವರಾದರೆ ನಾವು ಹಿಗ್ಗುತ್ತೇವೆ, ಅದು ಸಹಜ. ಆದರೆ ಸಚಿವರಾದವರು ಉತ್ತರ ಕೊಡುವ ಸಾಲಿನಲ್ಲಿ ಕೂಡುತ್ತಾರೆ, ಪ್ರಶ್ನೆ ಕೇಳುವ ಸಾಲಿನಲ್ಲಿ ಕೂಡುವುದಿಲ್ಲ. ಅವರ ಕ್ಷೇತ್ರದ ಪರವಾಗಿ ಬರಹದಲ್ಲಿ ಕೇಳುವವರು ಆ ಅವಧಿಯಲ್ಲಿ ಇಲ್ಲದಾಗುತ್ತಾರೆ. ಆಗ ಆ ಕೆಲಸ ವಿಧಾನ ಪರಿಷತ್ತಿನ ಸದಸ್ಯರ ಮೇಲೆ ಬೀಳುತ್ತದೆ. ಸ್ಥಳೀಯ ಸಂಸ್ಥೆಗಳಿಂದ, ವಾಯವ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾದವರಿಗೆ ನಾವು ಅಹವಾಲು ಒಯ್ಯುವುದು ಕಡಿಮೆ. ಒಯ್ಯಬೇಕು.

ಒಳ್ಳೆಯ ಪ್ರಶ್ನೆ ಎಂದರೇನು? ಲೋಕಸಭೆಯ ನಿಯಮಗಳ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು, ಸುಲಭವಾಗಿ ಸಿಗುವ ದಾಖಲೆಯಲ್ಲಿರುವುದನ್ನು ಕೇಳಬಾರದು. ಈ ನಿರ್ಬಂಧಗಳು ಸದಸ್ಯರ ಕೈಕಟ್ಟುತ್ತವೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಜೆಟ್ ಪುಸ್ತಕ, ಲೆಕ್ಕಪರಿಶೋಧಕರ ವರದಿ, ಇಲಾಖೆಯ ವಾರ್ಷಿಕ ವರದಿ ಓದಿಕೊಂಡು ಬಂದವರಿಗೆ 150 ಪದ ಧಾರಾಳವಾಯಿತು.

ಕಬ್ಬಿನ ವಿಷಯವನ್ನೇ ತೆಗೆದುಕೊಳ್ಳೋಣ; ನಮ್ಮ ಮೂರೂ ತಾಲೂಕುಗಳ ಬದುಕು ಅದರಲ್ಲಿದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಕೂತದ್ದು, ಕೊನೆಗೆ ಸರ್ಕಾರ 3,300 ರೂಪಾಯಿ ಘೋಷಿಸಿದ್ದು ತಮಗೆಲ್ಲ ತಿಳಿದಿದೆ. ಬೀದಿಯ ಹೋರಾಟ ಬೆಲೆಯನ್ನು ಕೊಡಿಸಿತು. ಆ ಬೆಲೆ ಪ್ರತಿ ಗಾಡಿಗೂ, ಪ್ರತಿ ಹಂಗಾಮಿಗೂ ಸರಿಯಾಗಿ ಸಂದಾಯವಾಯಿತೇ ಎಂದು ನೋಡುವ ಕೆಲಸ ಸದನದ್ದು. 'ಕಬ್ಬಿನ ಬಾಕಿ ಇರುವುದು ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ ಬರುವ ಉತ್ತರ ಯಾವುದೆಂದು ಈಗಾಗಲೇ ಹೇಳಿದೆ. ಅದರ ಬದಲು ಕಾನೂನನ್ನು ಕೈಯಲ್ಲಿ ಹಿಡಿದು ಕೇಳಬೇಕು. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಬೇಕು. ಆದ್ದರಿಂದ ಪ್ರಶ್ನೆ ಹೀಗಿರಲಿ: ಕಳೆದ ಹಂಗಾಮಿನಲ್ಲಿ ಈ ತಾಲೂಕುಗಳ ಪ್ರತಿ ಕಾರ್ಖಾನೆ ನುರಿಸಿದ ಕಬ್ಬೆಷ್ಟು, 14 ದಿನಗಳೊಳಗೆ ಪಾವತಿಸಿದ ಮೊತ್ತವೆಷ್ಟು, ಆ ಬಳಿಕ ಪಾವತಿಸಿದ್ದೆಷ್ಟು, ತಡವಾದ ಮೊತ್ತಕ್ಕೆ ಬಡ್ಡಿ ಪಡೆದ ರೈತರ ಸಂಖ್ಯೆ ಎಷ್ಟು, ಕೊಡದಿದ್ದರೆ ವಸೂಲಿಗೆ ಯಾವ ದಿನಾಂಕದಂದು ಯಾವ ಆದೇಶ ಹೊರಟಿತು? ಇದಕ್ಕೆ 'ಅಗತ್ಯ ಕ್ರಮ' ಎಂದು ಬರೆದು ಕೈತೊಳೆಯಲು ಬರುವುದಿಲ್ಲ. ಬಡ್ಡಿಯ ಕಲಮಿನಲ್ಲಿ ಸೊನ್ನೆ ಬಂದರೆ, ಆ ಸೊನ್ನೆಯೇ ಸದನದ ದಾಖಲೆಯಾಗುತ್ತದೆ.

ಸಕ್ಕರೆ ಇಳುವರಿಯ ಲೆಕ್ಕ ಇನ್ನೂ ಸೂಕ್ಷ್ಮ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಶೇ. 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲಿನ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಹೆಚ್ಚಿಗೆ. ಕಾರ್ಖಾನೆ ತೋರಿಸುವ ಇಳುವರಿಯಲ್ಲಿ ಅರ್ಧ ಶೇಕಡಾ ಕಡಿಮೆಯಾದರೆ ಟನ್ನಿಗೆ 173 ರೂಪಾಯಿ ಹೋಯಿತು. ನೂರು ಟನ್ ಕಬ್ಬು ಕಳಿಸಿದ ರೈತನಿಗೆ 17,300 ರೂಪಾಯಿ. ಈ ಇಳುವರಿಯನ್ನು ಪರೀಕ್ಷಿಸಿದವರು ಯಾರು, ಎಷ್ಟು ಸಲ, ಯಾವ ದಿನ ಎಂದು ಕೇಳುವುದು ಘೋಷಣೆ ಕೂಗುವುದಕ್ಕಿಂತ ಭಾರವಾದ ಕೆಲಸ. ಇನ್ನು ತೂಕ. ತೂಕದ ಕಾಟಾ ಸಕ್ಕರೆ ಇಲಾಖೆಯ ಅಧೀನದಲ್ಲಿಲ್ಲ, ಅದರ ತಪಾಸಣೆ ಕಾನೂನು ಮಾಪನಶಾಸ್ತ್ರ ಇಲಾಖೆಯದು. ಆ ಪ್ರಶ್ನೆಯನ್ನು ಬೇರೆ ಸಚಿವರಿಗೆ ಕಳಿಸಬೇಕು. ಎಫ್‌ಆರ್‌ಪಿಯ ಪ್ರಶ್ನೆ ದೆಹಲಿಗೆ ಹೋಗಬೇಕು. ಒಂದೇ ಕಬ್ಬಿನ ಗಾಡಿಯ ಬಗ್ಗೆ ಮೂವರು ಸಚಿವರು ಉತ್ತರಿಸಬೇಕಾಗುತ್ತದೆ. ಯಾರನ್ನು ಏನು ಕೇಳಬೇಕೆಂದು ತಿಳಿದ ಸದಸ್ಯರು ಮೂವರನ್ನೂ ಕೇಳುತ್ತಾರೆ, ತಿಳಿಯದವರ ಪ್ರಶ್ನೆ 'ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ' ಎಂದು ಮರಳಿ ಬರುತ್ತದೆ.

ಹುಕ್ಕೇರಿಯ ವಿದ್ಯುತ್ತಿನ ವಿಷಯವೂ ಹೀಗೆಯೇ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರಾಜ್ಯದಲ್ಲೇ ವಿಶಿಷ್ಟವಾದದ್ದು. ಅದರ ಆಡಳಿತ ಸಹಕಾರ ಇಲಾಖೆಗೆ, ವಿದ್ಯುತ್ ವಿತರಣೆ ಇಂಧನ ಇಲಾಖೆಯ ವ್ಯಾಪ್ತಿಗೆ ತಾಗುತ್ತವೆ. ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ನೀರಿನ ಪ್ರಶ್ನೆಗೆ ಬೇರೆ ಬಗೆಯ ಎಚ್ಚರ ಬೇಕು. 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯ ಹುಕ್ಕೇರಿ ತಾಲೂಕಿನಲ್ಲಿದೆ. 1897ರಲ್ಲಿ ಕಟ್ಟಿದ ಧೂಪದಾಳದ ಒಡ್ಡು ಗೋಕಾಕ ತಾಲೂಕಿನಲ್ಲಿದೆ. ಕಾಲುವೆಯ ಕೊನೆಯ ರೈತರಿಗೆ ನೀರು ಬರುತ್ತಿಲ್ಲ ಎಂದು ದೆಹಲಿಯಲ್ಲಿ ಕೇಳಿದರೆ, ನೀರು ರಾಜ್ಯದ ವಿಷಯ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಕೇಳಿದರೆ ಸರದಿ ಪ್ರಕಾರ ಹರಿಸಲಾಗುತ್ತಿದೆ ಎನ್ನುತ್ತಾರೆ. ಯಾವ ವಿತರಣಾ ನಾಲೆಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಕ್ಯೂಸೆಕ್ ಬಿಟ್ಟರು, ನಿಗದಿತ ಅಚ್ಚುಕಟ್ಟಿನಲ್ಲಿ ನಿಜವಾಗಿ ನೀರುಂಡ ಎಕರೆ ಎಷ್ಟು ಎಂದು ಕೇಳಿದರೆ ಮಾತ್ರ ಕಾಲುವೆಯ ತುದಿಯ ಹೊಲ ಆ ಹಾಳೆಯ ಮೇಲೆ ಕಾಣಿಸಿಕೊಳ್ಳುತ್ತದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಮನೆ ಕಳೆದುಕೊಂಡವರ ವಿಷಯದಲ್ಲೂ ಅಷ್ಟೆ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಒಟ್ಟು ಎಷ್ಟು ಕೋಟಿ ಬಿಡುಗಡೆಯಾಯಿತು ಎಂಬ ಉತ್ತರ ಸರ್ಕಾರಕ್ಕೆ ಹಿತ. ಎ ವರ್ಗದಿಂದ ಸಿ ವರ್ಗಕ್ಕೆ ಇಳಿಸಿದ ಮನೆಗಳೆಷ್ಟು, ಮೊದಲ ಕಂತಿನ ಬಳಿಕ ನಿಂತವು ಎಷ್ಟು, ಯಾವ ಗ್ರಾಮದವು ಎಂಬ ಪ್ರಶ್ನೆ ಸಂತ್ರಸ್ತರಿಗೆ ಹಿತ.

ವ್ಯಾಪ್ತಿ ಚಿಕ್ಕದಾದಷ್ಟೂ ಪ್ರಶ್ನೆ ಹರಿತವಾಗುತ್ತದೆ. ಇಡೀ ರಾಜ್ಯದ ಐದು ವರ್ಷದ ವಿವರ ಕೇಳಿದವರಿಗೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಕಾದಿರುತ್ತದೆ. ಒಂದು ತಾಲೂಕು, ಒಂದು ಯೋಜನೆ, ಒಂದು ವರ್ಷ ಎಂದರೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳ ಬಗ್ಗೆ ರೈಲ್ವೆ ಸಚಿವರನ್ನು ಕೇಳುವಾಗಲೂ ಇದೇ ಮಾತು ಸಲ್ಲುತ್ತದೆ.

ಮಾನ್ಯರೆ, ಉತ್ತರ ಬಂದ ದಿನ ಕೆಲಸ ಮುಗಿಯಿತು ಎಂದುಕೊಳ್ಳುವುದೇ ನಮ್ಮಲ್ಲಿನ ದೊಡ್ಡ ಕೊರತೆ. 1957ರಲ್ಲಿ ಜೀವ ವಿಮಾ ನಿಗಮವು ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಒಂದೂಕಾಲು ಕೋಟಿ ರೂಪಾಯಿಯಷ್ಟು ಹಣ ಹೂಡಿದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರ ಸಮಾಧಾನಕರವಾಗಿರಲಿಲ್ಲ. ಅಲ್ಲಿಗೆ ಬಿಡದೆ, ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಅದೇ ಡಿಸೆಂಬರಿನಲ್ಲಿ ಅದನ್ನು ಚರ್ಚೆಗೆ ಎಳೆದರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಉತ್ತರದಿಂದ ತೃಪ್ತಿಯಾಗದಿದ್ದರೆ ಅರ್ಧಗಂಟೆ ಚರ್ಚೆಗೆ ಸೂಚನೆ ಕೊಡಬಹುದು. ಉತ್ತರದಲ್ಲಿ 'ಪರಿಶೀಲಿಸಲಾಗುವುದು', 'ಕ್ರಮ ಕೈಗೊಳ್ಳಲಾಗುವುದು' ಎಂದು ಸಚಿವರು ಹೇಳಿದ್ದರೆ ಅದು ಭರವಸೆ. ಅದನ್ನು ಬೆನ್ನಟ್ಟಲು ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಲೋಕಸಭೆಯಲ್ಲಿ ಅಂಥ ಸಮಿತಿ 1953ರಿಂದ ಇದೆ, ಭರವಸೆ ಈಡೇರಿಸಲು ಮೂರು ತಿಂಗಳ ಗಡುವು ಇದೆ. ಎಲ್ಲಕ್ಕಿಂತ ಸರಳವಾದ ದಾರಿಯೆಂದರೆ, ಮುಂದಿನ ಅಧಿವೇಶನದಲ್ಲಿ ಹಿಂದಿನ ಉತ್ತರದ ಸಂಖ್ಯೆ, ದಿನಾಂಕ ನಮೂದಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು. ಎರಡು ಉತ್ತರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಇಲಾಖೆಯ ನಿಜವಾದ ವೇಗ ತಿಳಿಯುತ್ತದೆ.

ಈ ಸಾಧನ ಕೆಟ್ಟದ್ದಕ್ಕೂ ಬಳಕೆಯಾಗಿದೆ. ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ 2005ರ ಡಿಸೆಂಬರಿನಲ್ಲಿ 11 ಸಂಸದರು ಉಚ್ಚಾಟನೆಗೊಂಡರು. ಸರ್ಕಾರಗಳಿಗೂ ಪ್ರಶ್ನೆ ಅಷ್ಟೇನೂ ಪ್ರಿಯವಲ್ಲ: ತುರ್ತುಪರಿಸ್ಥಿತಿಯಲ್ಲಿ ಪ್ರಶ್ನೋತ್ತರ ಅವಧಿಯನ್ನೇ ನಿಲ್ಲಿಸಿದರು, 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಕೊರೊನಾ ಕಾರಣಕ್ಕೆ ಮೌಖಿಕ ಉತ್ತರ ಕೈಬಿಟ್ಟರು. ಆ ಅಧಿವೇಶನದಲ್ಲೂ ಉಳಿದದ್ದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಮಾತ್ರ.

ಮಾಹಿತಿ ಹಕ್ಕು ಕಾಯಿದೆ ಇರುವಾಗ ಶಾಸಕರ ಪ್ರಶ್ನೆ ಏಕೆ ಎಂದು ಯುವಕರು ಕೇಳುತ್ತಾರೆ. 2005ರಲ್ಲಿ ಆ ಕಾಯಿದೆ ಬಂದಾಗ ಅದರ 8(1)ನೇ ಕಲಮೇ, ಸಂಸತ್ತಿಗೆ ಅಥವಾ ರಾಜ್ಯದ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂದು ಹೇಳಿತ್ತು. ಸದನದ ಹಕ್ಕೇ ಅಳತೆಗೋಲಾಗಿತ್ತು, ನಾಗರಿಕನ ಹಕ್ಕು ಅದರ ಸಮಕ್ಕೆ ಬಂದು ನಿಂತಿತ್ತು. ಎರಡನ್ನೂ ಜೊತೆಗೂಡಿಸಬೇಕು: ಅರ್ಜಿಯಿಂದ ಪಡೆದ ದಾಖಲೆ ಶಾಸಕರ ಪ್ರಶ್ನೆಗೆ ಆಧಾರವಾಗಲಿ, ಸಚಿವರ ಉತ್ತರ ಮುಂದಿನ ಅರ್ಜಿಗೆ ಆಧಾರವಾಗಲಿ.

ಕೊನೆಯದಾಗಿ ಒಂದು ಕೋರಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ರಾಜ್ಯಶಾಸ್ತ್ರ ವಿಭಾಗಗಳು, ಸಾರ್ವಜನಿಕ ಗ್ರಂಥಾಲಯಗಳು ತಮ್ಮ ತಾಲೂಕಿಗೆ ಸಂಬಂಧಿಸಿದ ಉತ್ತರಗಳನ್ನು ಅಧಿವೇಶನದಿಂದ ಅಧಿವೇಶನಕ್ಕೆ ಸಂಗ್ರಹಿಸಿ, ವಿಷಯವಾರು ಜೋಡಿಸಿ ಇಡಲಿ. ಇವು ಗುಟ್ಟಿನ ಕಾಗದಗಳಲ್ಲ, ಸದನಗಳ ಜಾಲತಾಣಗಳಲ್ಲೇ ಸಿಗುತ್ತವೆ. ತಮ್ಮ ಊರಿನ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ, ಸರ್ವೆ ನಂಬರು, ಆದೇಶದ ದಿನಾಂಕ, ಮಂಜೂರಾದ ಮೊತ್ತ ಸಮೇತ ಒಂದು ಪುಟದಲ್ಲಿ ಬರೆದು ಶಾಸಕರಿಗೆ ಕೊಡಿರಿ. ಪ್ರಶ್ನೆಗಳ ಸೂಚನೆಯನ್ನು ಸಾಕಷ್ಟು ದಿನ ಮೊದಲೇ ಕೊಡಬೇಕಾಗುತ್ತದೆ. ಆದ್ದರಿಂದ ಬೆಳಗಾವಿಯ ಅಧಿವೇಶನ ಆರಂಭವಾದ ಮೇಲೆ ಸುವರ್ಣಸೌಧದ ಬಾಗಿಲಿಗೆ ಹೋಗುವ ಬದಲು, ಅದಕ್ಕೆ ಒಂದು ತಿಂಗಳ ಮೊದಲೇ ಆ ಪುಟವನ್ನು ಅವರ ಕೈಗೆ ತಲುಪಿಸಿರಿ.